ಮಗ್ಗಗಳು ನಿಂತಾಗ ಕೇಳಿಸಿದ್ದು

ನಾನು ಚಿಕ್ಕವನಿದ್ದಾಗ ಒಂದು ದಿನ ಐದು ನಾಯಿಮರಿಗಳ ಜೊತೆ ನೂಲಿನ ಕೋಣೆಯೊಂದರಲ್ಲಿ ಸಿಕ್ಕಿಬಿದ್ದಿದ್ದೆ. ಐದು ಎಂದು ನಾನು ಹೇಳುತ್ತೇನೆ. ಅಕ್ಕಲಕೋಟದಲ್ಲಿರುವ ನನ್ನ ಅಕ್ಕ ನಾಲ್ಕೇ ಇದ್ದವು ಎನ್ನುತ್ತಾಳೆ. ನಿನ್ನೆ ಫೋನು ಮಾಡಿ ಮತ್ತೆ ಕೇಳಿದೆ. "ನಾಕ ಇದ್ವು. ನಿನ್ನೂ ಹಿಡದ್ರ ಐದ," ಎಂದು ನಕ್ಕಳು. ಒಳಗೆ ಎಷ್ಟು ಹೊತ್ತು ಇದ್ದೆ ಎಂಬುದರಲ್ಲೂ ನಮ್ಮಿಬ್ಬರ ಮಾತು ಕೂಡುವುದಿಲ್ಲ. ನನ್ನ ಪ್ರಕಾರ ಅರ್ಧ ದಿನ. ಅವಳ ಪ್ರಕಾರ ಬಹಳವೆಂದರೆ ಎರಡು ತಾಸು. ನಾನು ಕಾಲೇಜಿನಲ್ಲಿ ವಿಜ್ಞಾನ ಓದಿದವನು, ಆಮೇಲೆ ಅದನ್ನೇ ಕಲಿಸಿದವನು. ಪುರಾವೆ ಇಲ್ಲದ್ದನ್ನು ಬರೆದ ಹುಡುಗರ ವಹಿಯಲ್ಲಿ ಎಷ್ಟೋ ಕೆಂಪು ಗೆರೆ ಎಳೆದಿದ್ದೇನೆ. ಈಗ ನನ್ನ ಸರದಿ. ಎಲ್ಲಿ ನನಗೆ ಖಾತ್ರಿ ಇಲ್ಲವೋ ಅಲ್ಲಿ ಇಲ್ಲ ಎಂದೇ ಹೇಳುತ್ತೇನೆ, ಮಕ್ಕಳೇ. ಉಳಿದದ್ದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾವು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಒಂದು ಮಗ್ಗದ ಶೆಡ್ಡಿನ ಹಿಂದೆ, ತಗಡು ಹೊದಿಸಿದ ಒಂದೇ ಕೋಣೆಯಲ್ಲಿ ಅಪ್ಪ, ಅಕ್ಕ, ನಾನು, ಮೂವರೇ ಇದ್ದೆವು. ಅಪ್ಪ ಆ ಶೆಡ್ಡಿನಲ್ಲಿ ಚಾದರ ನೇಯುತ್ತಿದ್ದ. ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ಸಾಲಿ ಬಿಟ್ಟು ಕಂಡಿಕಿ ಸುತ್ತುವ ಕೆಲಸಕ್ಕೆ ಕೂತಿದ್ದಳು. ಕಂಡಿಕಿ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಗೇಣುದ್ದದ ಕಡ್ಡಿ. ಸುತ್ತಿದ ಕಂಡಿಕಿಗಳನ್ನು ಬುಟ್ಟಿಯಲ್ಲಿ ತುಂಬಿ ನೂಲಿನ ಕೋಣೆಯಲ್ಲಿ ಇಡುತ್ತಿದ್ದರು. ಆ ಕೋಣೆಗೆ ಒಂದೇ ಬಾಗಿಲು, ಒಂದೇ ಕೀಲಿ. ಕೀಲಿ ಅಪ್ಪನ ಉಡದಾರದಲ್ಲಿ ನೇತಾಡುತ್ತಿತ್ತು. ಅಪ್ಪ ನಡೆದರೆ ಅದು ಅಂಗಿಯ ಗುಂಡಿಗೆ ತಾಗಿ ಟಿಣ್ ಎನ್ನುತ್ತಿತ್ತು.

ಶೆಡ್ಡಿನ ಅಂಗಳದಲ್ಲಿ ಕೆಂಚಿ ಎಂಬ ಕಂದು ನಾಯಿ ಇತ್ತು. ಅದು ನೂಲಿನ ಕೋಣೆಯ ಹಿಂಗೋಡೆಯ ಬುಡದಲ್ಲಿದ್ದ ಮೋರಿಯ ಕಿಂಡಿಯಿಂದ ನುಸುಳಿ, ಹರಕು ನೂಲಿನ ಗಂಟುಗಳ ಹಿಂದೆ ಮರಿ ಹಾಕಿತ್ತು. ಮರಿಗಳಿಗೆ ಒಂದು ತಿಂಗಳು ಇನ್ನೂ ತುಂಬಿರಲಿಲ್ಲ. ಓಡಾಡುತ್ತಿದ್ದವು, ಓಡಾಡುವುದಕ್ಕಿಂತ ಹೆಚ್ಚು ಬೀಳುತ್ತಿದ್ದವು. ಹೊಟ್ಟೆಯ ಹತ್ತಿರ ಮೂಗು ಇಟ್ಟರೆ ಹಾಲಿನ, ಹತ್ತಿಯ ಮತ್ತು ಉಚ್ಚೆಯ ವಾಸನೆ ಕೂಡಿ ಬರುತ್ತಿತ್ತು. ಎಲ್ಲ ಸರಿಯಿತ್ತು. ಆದರೆ ಬಿಳಿ ನೂಲಿನ ಲಡಿಯ ಮೇಲೆ ಹಳದಿ ಕಲೆ ಬಿದ್ದದ್ದು ಮಾಲಕರ ಕಣ್ಣಿಗೆ ಬಿತ್ತು. ಮರುದಿನ ಮುಂಜಾನೆ ಬಂದವರೇ ಕೆಂಚಿಯನ್ನು ಹೊರಗೆ ಅಟ್ಟಿಸಿ, ಕಿಂಡಿಗೆ ಎರಡು ಇಟ್ಟಂಗಿ ಇಡಿಸಿ ಹಸಿ ಮಣ್ಣು ಮೆತ್ತಿಸಿದರು. "ಸಂಜಿಗಿ ಮರಿ ಪೋತ್ಯಾಗ ಹಾಕಿ ಹೋಟಗಿ ಲೈನಿನ ಆಚಿಕಡಿ ಬಿಟ್ಟ ಬರ್ರಿ," ಎಂದು ಕಾವಲುಗಾರನಿಗೆ ಹೇಳಿ ಹೋದರು. ಪೋತೆ ಎಂದರೆ ಗೋಣಿಚೀಲ, ಹೋಟಗಿ ಲೈನು ಎಂದರೆ ರೈಲು ಹಳಿ. ಆಚೆಕಡೆ ಹದ್ದುಗಳಿದ್ದವು, ತೋಳವಿತ್ತು ಎಂದೂ ಜನ ಹೇಳುತ್ತಿದ್ದರು.

ಒಂದೇ ದಾರಿ ಉಳಿದಿತ್ತು. ಚಾದರದ ಗಂಟುಗಳನ್ನು ಅಕ್ಕಲಕೋಟಕ್ಕೆ ಒಯ್ಯುವ ಟೆಂಪೋ ಮಧ್ಯಾಹ್ನ ಬರುತ್ತಿತ್ತು. ಅದನ್ನು ಓಡಿಸುವವರನ್ನು ನಾವೆಲ್ಲ ಟೆಂಪೋ ಕಾಕಾ ಎನ್ನುತ್ತಿದ್ದೆವು. ಅವರ ಮಾವನ ತೋಟಕ್ಕೆ ನಾಯಿ ಬೇಕಾಗಿತ್ತು. ಹಿಂದಿನ ದಿನ ಕಲೆ ಕಂಡಾಗಲೇ ಅಕ್ಕ ಅವರನ್ನು ಕೇಳಿದ್ದಳು.

"ಎಲ್ಲಾ ಒಯ್ತೀನಿ ಮಗಳ, ಖರೆ ಹಾಲ ಕುಡಿಯೂ ಮರಿ ಬ್ಯಾಡ," ಎಂದಿದ್ದರು ಕಾಕಾ. "ದಾರ್ಯಾಗ ಸತ್ರ ಪಾಪ ನನಗ ಬಡೀತದ. ತಾವ ನೀರ ನೆಕ್ಕಬೇಕು, ರೊಟ್ಟಿ ತಿನ್ನಬೇಕು. ನಾಳಿ ನನ್ನ ಮುಂದ ಕುಡದ ತೋರಸ್ರಿ, ಒಯ್ತೀನಿ."

ನಾನು ಕಲಿಸುತ್ತೇನೆ ಎಂದೆ. ಅಕ್ಕ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು. "ನಿನಗ ಇನ್ನ ಪಾಡೆ ಬಾಯಿಗಿ ಬರೂದಿಲ್ಲ. ನೀ ನಾಯಿಗಿ ಮಾಸ್ತರ ಆಗಾಂವ?" ಪಾಡೆ ಎಂದರೆ ಮಗ್ಗಿ. ಅದು ನಿಜ, ನನಗೆ ಎಂಟರ ಮಗ್ಗಿ ಬರುತ್ತಿರಲಿಲ್ಲ. ಆದರೆ ಬೇರೊಂದು ವಿದ್ಯೆ ಬರುತ್ತಿತ್ತು. ಸಲಗರ ಎಂಬ ಹಳ್ಳಿಯಲ್ಲಿದ್ದ ನಮ್ಮ ಅಜ್ಜ ಎಮ್ಮೆಯ ಕರುವಿಗೆ ಬಕೀಟಿನಿಂದ ಕುಡಿಯಲು ಹೇಗೆ ಕಲಿಸುತ್ತಾನೆಂದು ನೋಡಿದ್ದೆ, ಒಮ್ಮೆ ನಾನೇ ಮಾಡಿಯೂ ಇದ್ದೆ. ಎರಡು ಬೆರಳು ಕರುವಿನ ಬಾಯಲ್ಲಿ ಇಡಬೇಕು. ಅದು ಮೊಲೆಯೆಂದು ಚೀಪುತ್ತದೆ. ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಹಾಲಿನೊಳಗೆ ಇಳಿಸಬೇಕು. ಕರು ತಿಳಿಯದೆಯೇ ಕುಡಿಯತೊಡಗುತ್ತದೆ. ಕರುವಿಗೆ ಆದದ್ದು ಮರಿಗೆ ಆಗದೇನು?

ಹಾಗೆ ಆ ಮುಂಜಾನೆ ನಾನು ದಪ್ತರ ಹೆಗಲಿಗೆ ಹಾಕಿಕೊಂಡು, ಸಾಲಿಗೆ ಹೋಗುತ್ತೇನೆಂದು ಹೇಳಿ, ಶೆಡ್ಡನ್ನು ಸುತ್ತುಹಾಕಿ ಬಂದೆ. ಅಪ್ಪ ಕೋಣೆಯ ಬಾಗಿಲು ತೆರೆದು ಬುಟ್ಟಿ ಹೊರಗೆ ಒಯ್ದಾಗ ಒಳಗೆ ನುಸುಳಿ, ಗಂಟುಗಳ ಹಿಂದೆ ಮರಿಗಳ ಪಕ್ಕ ಮಲಗಿಬಿಟ್ಟೆ. ದಿನವೂ ಅಪ್ಪ ಮುಂಜಾನೆ ಒಂದು ಬುಟ್ಟಿ ಒಯ್ಯುತ್ತಿದ್ದ, ಚಹಾದ ಹೊತ್ತಿಗೆ ಇನ್ನೊಂದು. ಎರಡನೇ ಸಲ ಬಾಗಿಲು ತೆರೆದಾಗ ಹೊರಗೆ ಹಾರಬಹುದು, ಅಷ್ಟರಲ್ಲಿ ಮರಿಗಳು ಕಲಿತಿರುತ್ತವೆ ಎಂದು ನನ್ನ ಯೋಜನೆ.

ಅಪ್ಪ ಮತ್ತೆ ಒಳಗೆ ಬಂದ. ಅವನ ಕಾಲು ಕಂಡವು. ಏನನ್ನೋ ಎಳೆದ ಸಪ್ಪಳ. ಬಾಗಿಲು ಮುಚ್ಚಿತು. ಕೀಲಿ ತಿರುಗಿತು. ನಾನು ತಲೆ ಎತ್ತಿ ನೋಡಿದರೆ, ಎರಡನೇ ಬುಟ್ಟಿ ಇಡುವ ಮೂಲೆ ಖಾಲಿ. ಮರಿಗಳು ಹೊರಗೆ ಬರದಿರಲೆಂದು, ಬಾಗಿಲನ್ನು ಮತ್ತೆ ಮತ್ತೆ ತೆರೆಯಬೇಡಿ ಎಂದು ಮಾಲಕರು ಹೇಳಿದ್ದರಂತೆ. ಅದಕ್ಕೆ ಅಪ್ಪ ಎರಡೂ ಬುಟ್ಟಿಗಳನ್ನು ಒಮ್ಮೆಲೇ ಒಯ್ದಿದ್ದ. ಇದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಒಂದೇ: ಇನ್ನು ಸಂಜೆಯವರೆಗೆ ಈ ಬಾಗಿಲನ್ನು ತೆರೆಯಲು ಯಾರಿಗೂ ಕಾರಣವಿಲ್ಲ. ನನ್ನನ್ನು ಹುಡುಕಲೂ ಕಾರಣವಿಲ್ಲ. ನಾನು ಸಾಲಿಯಲ್ಲಿದ್ದೇನಲ್ಲ!

"ಅಪ್ಪಾ!" ಎಂದು ಕೂಗಲು ಬಾಯಿ ತೆರೆದೆ. ಅದೇ ಹೊತ್ತಿಗೆ ಮಗ್ಗಗಳು ಶುರುವಾದವು.

ವಿದ್ಯುತ್ ಮಗ್ಗದ ಸಪ್ಪಳವನ್ನು ನೀವು ಕೇಳಿಲ್ಲ. ಒಂದು ಮಗ್ಗ ಖಟಾಖಟ್ ಎನ್ನುತ್ತದೆ. ಹತ್ತಾರು ಮಗ್ಗ ಕೂಡಿದರೆ ಖಟಾಖಟ್ ಅಲ್ಲ, ತಗಡಿನ ಮೇಲೆ ಕಲ್ಲಿನ ಮಳೆ. ಒಳಗೆ ಕೆಲಸ ಮಾಡುವವರು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಮಾತಾಡುತ್ತಿದ್ದರು. ಇಲ್ಲದಿದ್ದರೆ ಕೈಸನ್ನೆ. ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಬಾಗಿಲನ್ನು ಒದ್ದೆ. ಆದರೆ ಆ ಬಾಗಿಲು ಮಗ್ಗಗಳು ನಡೆದಾಗಲೆಲ್ಲ ತಾನಾಗಿಯೇ ನಡುಗುತ್ತಿತ್ತು, ಒದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮೇಲೆ, ನನ್ನ ಎರಡರಷ್ಟು ಎತ್ತರದಲ್ಲಿ, ಒಂದು ಜಾಲರಿಯ ಗವಾಕ್ಷಿ. ಅದರ ಕಣ್ಣುಗಳಲ್ಲಿ ಹತ್ತಿಯ ಧೂಳು ಕಟ್ಟಿ ಹೋಗಿತ್ತು. ಅಲ್ಲಿಂದ ಬಂದ ಬೆಳಕಿನ ಪಟ್ಟಿಯಲ್ಲಿ ನೂಲಿನ ಎಳೆಗಳು ತೇಲುತ್ತಿದ್ದವು. ಅಪ್ಪನ ಮಗ್ಗ ಗೋಡೆಯ ಆಚೆಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ಹತ್ತು ಹೆಜ್ಜೆಯಲ್ಲಿ ಅಪ್ಪ ಇದ್ದ, ಹಿಂದಿನ ಅಂಗಳದಲ್ಲಿ ಅಕ್ಕ ಇದ್ದಳು. ನಾನು ಮಾತ್ರ ಎಲ್ಲೂ ಇರಲಿಲ್ಲ.

ಎಷ್ಟು ಹೊತ್ತು ಕೂಗಿದೆನೋ ಗೊತ್ತಿಲ್ಲ. ಗಂಟಲು ಒಡೆದು ದನಿ ಹೊರಡದಾಯಿತು. ಆಗ ಕಾಲಿಗೆ ಏನೋ ಮೆತ್ತಗೆ ತಾಗಿತು. ಮರಿಗಳು ಗಂಟುಗಳ ಹಿಂದಿನಿಂದ ಬಂದು ನನ್ನ ಪಾದಗಳ ನಡುವೆ ಮೂತಿ ತೂರಿಸುತ್ತಿದ್ದವು. ಅವಕ್ಕೆ ತಾಯಿ ಬೇಕಾಗಿತ್ತು. ನನಗೂ.

ಕೆಲಸಕ್ಕೆ ಇಳಿದೆ. ಕಂಡಿಕಿ ನೆನೆಸಲು ಇಟ್ಟ ನೀರಿನ ಬಕೀಟು ಮೂಲೆಯಲ್ಲಿತ್ತು. ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಅದರ ತುಂಬ ನೀರು ತುಂಬಿದೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಮರಿ ಎಲ್ಲಕ್ಕಿಂತ ಚುರುಕಾಗಿತ್ತು, ಅದನ್ನೇ ಎತ್ತಿಕೊಂಡೆ. ಬೆರಳು ಬಾಯಿಗಿಟ್ಟೆ. ಚೀಪಿತು! ಅಜ್ಜ ಮಾಡಿದಂತೆಯೇ ಕೈಯನ್ನು ಮೆಲ್ಲಗೆ ನೀರಿಗೆ ಇಳಿಸಿದೆ. ಮರಿಯ ಮೂತಿಯೂ ಇಳಿಯಿತು. ಇನ್ನೊಂದು ಕೈಯಿಂದ ತಲೆಯನ್ನು ಸ್ವಲ್ಪ ಒತ್ತಿದೆ.

ಮರಿ ಒಮ್ಮೆಲೇ ಕೊಸರಿತು. ಮೂಗಿನಿಂದ ಗುಳ್ಳೆ ಬಂದವು. ನಾನು ಕೈ ತೆಗೆದಾಗ ಅದು ಬಾಯಿ ತೆರೆದುಕೊಂಡು, ಉಸಿರು ಸಿಗದೆ, ಹಸಿ ಬಟ್ಟೆಯ ಹಾಗೆ ನನ್ನ ತೊಡೆಯ ಮೇಲೆ ಜೋತುಬಿತ್ತು. ನಾನು ಅದನ್ನು ತಲೆಕೆಳಗೆ ಮಾಡಿ ಬೆನ್ನು ತಟ್ಟಿದೆ, ಅಥವಾ ಹೆದರಿ ಬಿಟ್ಟುಬಿಟ್ಟೆನೋ. ತಟ್ಟಿದೆ ಎಂದು ಹೇಳಲು ನನಗೆ ಇಷ್ಟ. ಆದರೆ ಆಮೇಲೆ ಓದಿದ ಪುಸ್ತಕದಿಂದ ಆ ನೆನಪು ಬಂದಿರಬಹುದು. ಕಡೆಗೆ ಮರಿ ಸೀನಿತು. ಎರಡು ಸಲ ಸೀನಿ, ನನ್ನಿಂದ ದೂರ ತೆವಳಿ, ಗಂಟಿನ ಸಂದಿಗೆ ಹೋಗಿ ಕೂತಿತು. ಮತ್ತೆ ಕರೆದರೆ ಬರಲಿಲ್ಲ.

ಕರು ಕತ್ತು ಕೆಳಗೆ ಮಾಡಿ ನೀರನ್ನು ಹೀರುತ್ತದೆ. ನಾಯಿ ಹೀರುವುದಿಲ್ಲ, ನಾಲಿಗೆಯಿಂದ ಎತ್ತಿಕೊಳ್ಳುತ್ತದೆ. ಈಗ ಇದನ್ನು ಒಂದು ಸಾಲಿನಲ್ಲಿ ಬರೆದೆ. ಅಂದು ಅದು ನನಗೆ ಗೊತ್ತಿರಲಿಲ್ಲ. ನಾನು ಮಂಡಿಯ ಮೇಲೆ ತಲೆ ಇಟ್ಟು ಅತ್ತೆ. ಬಾಗಿಲು ನಡುಗುತ್ತಿತ್ತು, ನೆಲ ನಡುಗುತ್ತಿತ್ತು, ಮುಚ್ಚಳದ ನೀರೂ ಸಣ್ಣ ಸಣ್ಣ ಬಳೆಗಳಾಗಿ ನಡುಗುತ್ತಿತ್ತು. ಮಧ್ಯಾಹ್ನಕ್ಕೆ ಟೆಂಪೋ ಬಂದು ಹೋಗುತ್ತದೆ. ಸಂಜೆಗೆ ಗೋಣಿಚೀಲ ಬರುತ್ತದೆ. ಚೀಲ ತಂದವನು ಬಾಗಿಲು ತೆರೆದಾಗ ನಾನು ಹೊರಗೆ ಹೋಗುತ್ತೇನೆ, ಮರಿಗಳು ಚೀಲದೊಳಗೆ ಹೋಗುತ್ತವೆ.

ಉಚ್ಚೆಯೂ ಬಂದಿತ್ತು. ಎಷ್ಟು ತಡೆದುಕೊಳ್ಳಲಿ? ಮೂಲೆಗೆ ಹೋದೆ. ಆ ಕಲೆಯ ಹೊಣೆಯನ್ನು ಮರಿಗಳು ಹೊತ್ತವು. ಇದನ್ನು ಅಕ್ಕನಿಗೂ ಈವರೆಗೆ ಹೇಳಿಲ್ಲ. ಇದು ಮಾತ್ರ ಖಾತ್ರಿ ನೆನಪು.

ತಿರುಗಿ ಬರುವಾಗ ಕಾಲು ತಾಗಿ ಮುಚ್ಚಳ ಉರುಳಿತು. ನೀರು ಸಿಮೆಂಟಿನ ನೆಲದ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿತು. ಮರಿಗಳು ಅದರ ಮೇಲೆ ನಡೆದವು, ತಮ್ಮ ಒದ್ದೆ ಕಾಲನ್ನು ನೆಕ್ಕಿಕೊಂಡವು. ಒಂದು ಮರಿ ಕಾಲು ನೆಕ್ಕುತ್ತಾ ನೆಕ್ಕುತ್ತಾ ನೆಲವನ್ನೂ ನೆಕ್ಕಿತು. ತಲೆ ಎತ್ತಿ ಯೋಚಿಸಿತು. ಮತ್ತೆ ನೆಕ್ಕಿತು.

ನಾನು ಉಸಿರು ಬಿಡದೆ ನೋಡಿದೆ. ಆಮೇಲೆ ಮುಚ್ಚಳದಲ್ಲಿ ಬೆರಳಿನ ಉಗುರು ಮುಳುಗುವಷ್ಟೇ ನೀರು ಹಾಕಿ ಅದರ ಮುಂದೆ ಸರಿಸಿದೆ. ಯಾರ ತಲೆಯನ್ನೂ ಮುಟ್ಟಲಿಲ್ಲ. ಕಾಯುವುದೇ ಕಷ್ಟದ ಕೆಲಸ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಒಂದು ಬಂತು. ಅದರ ಹಿಂದೆ ಇನ್ನೊಂದು. ಮೂರನೆಯದು ಮುಚ್ಚಳದೊಳಗೇ ನಿಂತುಕೊಂಡಿತು.

ಡಬ್ಬಿಯಲ್ಲಿ ಜೋಳದ ರೊಟ್ಟಿ ಇತ್ತು, ಮೇಲೆ ಶೇಂಗಾ ಚಟ್ನಿ. ನಮ್ಮ ಕಡೆಯ ಚಟ್ನಿ ನಿಮಗೆ ಗೊತ್ತು, ದೊಡ್ಡವರೇ ಮೂಗು ಒರೆಸಿಕೊಳ್ಳುತ್ತಾರೆ. ಚಟ್ನಿಯನ್ನೆಲ್ಲ ನಾನು ನೆಕ್ಕಿ ಮುಗಿಸಿ, ರೊಟ್ಟಿಯನ್ನು ಎರಡು ಸಲ ತೊಳೆದೆ. ಮರಿಗಳ ಹಲ್ಲು ಅಕ್ಕಿಯ ನುಚ್ಚಿನಷ್ಟು ಇದ್ದವು, ರೊಟ್ಟಿ ಕಡಿಯಲಾರವು. ಅಪ್ಪ ಹಾಸಿನ ನೂಲಿಗೆ ಹಚ್ಚಲು ಹಿಟ್ಟಿನ ಗಂಜಿ ಮಾಡುವುದನ್ನು ನೋಡಿದ್ದೆ: ಕೈಯಲ್ಲಿ ಒಂದು ಗಂಟೂ ಸಿಗದ ಹಾಗೆ ಕಿವುಚುತ್ತಿದ್ದ. ಹಾಗೆಯೇ ರೊಟ್ಟಿಯನ್ನು ನೀರಿನಲ್ಲಿ ಕಿವುಚಿ ಕಿವುಚಿ ಗಂಜಿ ಮಾಡಿದೆ. ಮರಿಗಳು ಮೊದಲು ಅದರಲ್ಲಿ ನಡೆದವು, ಆಮೇಲೆ ತಿಂದವು. ಕಿವಿಗೂ ಗಂಜಿ, ಬಾಲಕ್ಕೂ ಗಂಜಿ. ಬಿಳಿ ಚುಕ್ಕೆಯ ಮರಿ ಮಾತ್ರ ಸಂದಿಯಿಂದ ನೋಡುತ್ತಿತ್ತು. ಮುಚ್ಚಳ ಹತ್ತಿರ ಸರಿಸಿದರೆ ಹಿಂದೆ ಸರಿಯುತ್ತಿತ್ತು.

ಆಗ ಕರೆಂಟು ಹೋಯಿತು.

ಮಗ್ಗಗಳು ಒಂದೊಂದಾಗಿ ನಿಂತವು. ಖಟಾ... ಖಟ್... ಖಟ್. ಕಡೆಯ ಮಗ್ಗ ನಿಂತಿತು. ನೆಲ ನಡುಗುವುದು ನಿಂತಿತು. ನಾನು ಇಷ್ಟು ಹೊತ್ತು ಇದಕ್ಕೇ ಕಾದಿದ್ದೆ, ಈಗ ಕೂಗಬೇಕು. ಬಾಯಿ ತೆರೆದೆ. ಗಂಟಲಿನಿಂದ ಗಾಳಿಯಷ್ಟೇ ಬಂತು. ಆ ನಿಶ್ಶಬ್ದದಲ್ಲಿ ನನಗೆ ಕೇಳಿಸಿದ್ದು ನನ್ನ ಕೂಗಲ್ಲ. ಚಪ್, ಚಪ್, ಚಪ್, ಚಪ್. ಅಷ್ಟು ಹೊತ್ತಿನಿಂದ ಕಣ್ಣಿಗೆ ಮಾತ್ರ ಕಾಣುತ್ತಿದ್ದದ್ದು ಈಗ ಕಿವಿಗೆ ಬಂತು. ಮರಿಗಳು ನೀರು ನೆಕ್ಕುತ್ತಿದ್ದವು.

ಇನ್ನೊಂದು ಸಪ್ಪಳವೂ ಇತ್ತು. ಹಿಂಗೋಡೆಯ ಆಚೆ ಕೆಂಚಿ ಹಸಿ ಮಣ್ಣನ್ನು ಕೆರೆಯುತ್ತಿತ್ತು. ಅದು ಯಾವಾಗಿನಿಂದ ಕೆರೆಯುತ್ತಿತ್ತೋ. ನನ್ನ ಹಾಗೆ ಅದನ್ನೂ ಯಾರೂ ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅಕ್ಕನ ದನಿ: "ಏ ಕೆಂಚಿ, ಸರಿ ಆಚಿ! ಮಾಲಕರ ನೋಡಿದ್ರ ನಿನ್ನೂ ಪೋತ್ಯಾಗ ಹಾಕ್ತಾರ."

ನಾನು ಕಿಂಡಿಯ ಬಳಿ ಬೋರಲು ಮಲಗಿ ಡಬ್ಬಿಯಿಂದ ಇಟ್ಟಂಗಿಯನ್ನು ಬಡಿದೆ. ಒಂದು ಇಟ್ಟಂಗಿ ಸರಿಯಿತು. ಅಕ್ಕನ ಒಂದು ಕಣ್ಣು ಕಂಡಿತು.

"ಯವ್ವಾ! ಯಾರದು?"

"ನಾನು," ಎಂದೆ, ಕಪ್ಪೆಯ ದನಿಯಲ್ಲಿ.

"ನಾನು ಅಂದ್ರ? ನೀ ಸಾಲಿಗಿ ಹೋಗಿಲ್ಲೇನೋ ಕತ್ತೆ!"

"ಮರಿ ನೀರ ಕುಡ್ಯಾಕತ್ತಾವ ಅಕ್ಕಾ."

ಅವಳು ಕಿಂಡಿಯೊಳಗೆ ಇಣುಕಿ ಮರಿಗಳನ್ನು ನೋಡಿದಳು. "ನಿನ್ನ ಹೊರಗ ತಗೀಬೇಕಂದ್ರ ಅಪ್ಪನ ಕೀಲಿನ ಬೇಕು. ಇವತ್ತ ನಿನ್ನ ಬೆನ್ನಿನ ಚಾದರ ಆಗ್ತದ ನೋಡು," ಎಂದಳು. ಓಡಿ ಹೋದಳು.

ಅಪ್ಪ ಬಾಗಿಲು ತೆರೆದ. ಅವನ ಹಿಂದೆ ಟೆಂಪೋ ಕಾಕಾ ನಿಂತಿದ್ದರು. ಕೆಂಚಿ ಅವರಿಬ್ಬರ ಕಾಲುಗಳ ನಡುವಿನಿಂದ ನುಗ್ಗಿ ಒಳಗೆ ಬಂದು ಮರಿಗಳನ್ನೂ ನನ್ನನ್ನೂ ಒಂದೇ ಸಮ ಮೂಸಿತು. ಅಪ್ಪ ಕೈ ಎತ್ತಿದ. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ಆ ಕೈಯಿಂದ ನನ್ನ ತಲೆಯ ಮೇಲಿನ ಹತ್ತಿ ತೆಗೆಯುತ್ತಿದ್ದ. ಏಟು ಬಿತ್ತು, ಬೆನ್ನ ಮೇಲೆ ಎರಡು, ತಾನೇ ಎಣಿಸಿದ್ದೇನೆ ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ನನಗೆ ಹತ್ತಿ ತೆಗೆದದ್ದೇ ನೆನಪಿದೆ.

"ಬಘೂ," ಎಂದರು ಕಾಕಾ, "ಮಾಸ್ತರ ಏನ ಕಲಸ್ಯಾರ ನೋಡೂಣು."

ಕೆಂಚಿಯನ್ನು ಅಕ್ಕ ಹಿಡಿದುಕೊಂಡಳು. ನಾನು ಮುಚ್ಚಳ ನಡುವೆ ಇಟ್ಟೆ. ಒಂದು ಬಂದು ಕುಡಿಯಿತು. ಎರಡನೆಯದು, ಮೂರನೆಯದು. ನಾಲ್ಕನೆಯದು ಗಂಜಿಯ ಕಡೆಗೇ ಹೋಯಿತು. ಬಿಳಿ ಚುಕ್ಕೆಯದು ಬರಲಿಲ್ಲ. ಕಾಕಾ ಅದನ್ನು ಎತ್ತಿ ಮುಚ್ಚಳದ ಮುಂದೆ ಇಟ್ಟರು. ಅದು ಮೂತಿ ಮೇಲೆತ್ತಿ ಕುಂಯ್ ಎಂದಿತು, ನೀರಿನಿಂದ ಹಿಂದೆ ಹಿಂದೆ ಸರಿದು ನನ್ನ ಕಾಲಿಗೆ ತಾಗಿ ನಿಂತಿತು.

"ಇದೊಂದ ಬ್ಯಾಡ," ಎಂದರು ಕಾಕಾ.

ನಾನು ಏನು ಮಾಡಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ. ಬೆರಳು ಇಟ್ಟದ್ದು, ತಲೆ ಒತ್ತಿದ್ದು, ಗುಳ್ಳೆ ಬಂದದ್ದು, ಎಲ್ಲವನ್ನೂ ಒಡೆದ ದನಿಯಲ್ಲಿ ಹೇಳಿಬಿಟ್ಟೆ. ಅಪ್ಪ ಕೇಳಿದ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬಕೀಟಿನಲ್ಲಿ ಕೈ ಅದ್ದಿ, ಅಂಗೈ ಗುಂಡಿಯಲ್ಲಿ ಒಂದು ಗುಟುಕಿನಷ್ಟು ನೀರು ಹಿಡಿದು ನೆಲದ ಮೇಲೆ ಇಟ್ಟ. ಅವನ ಅಂಗೈ ನೂಲು ಎಳೆದು ಎಳೆದು ಗಟ್ಟಿಯಾಗಿತ್ತು, ಗೆರೆಗಳಲ್ಲಿ ಎಣ್ಣೆ ಕಪ್ಪಾಗಿ ಕೂತಿತ್ತು. ಕೈ ಅಲುಗಲಿಲ್ಲ. ಮರಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ನಾಲಿಗೆ ಹೊರಗೆ ಬಂತು.

"ಕುಡೀತದ," ಎಂದ ಅಪ್ಪ. "ಮುಚ್ಚಳಕ್ಕ ಹೆದರ್ಯಾದ, ನೀರಿಗಲ್ಲ."

"ಹಂಗಾರ ಮರಿ ಕೂಡ ನಿನ್ನ ಅಂಗೈನೂ ಅಕ್ಕಲಕೋಟಕ್ಕ ಕಳಸ್ತಿಯೇನ?" ಎಂದು ಕಾಕಾ ನಕ್ಕರು. ಉಳಿದ ಮರಿಗಳನ್ನು ಚಾದರದ ಗಂಟುಗಳ ನಡುವೆ ಬೆಚ್ಚಗೆ ಕೂರಿಸಿಕೊಂಡು ಹೋದರು. ಕೆಂಚಿ ಟೆಂಪೋದ ಹಿಂದೆ ರಸ್ತೆಯ ತಿರುವಿನವರೆಗೆ ಓಡಿ, ನಿಂತು, ತಿರುಗಿ ಬಂತು. ಅದಕ್ಕೆ ಒಂದು ಮರಿಯಾದರೂ ಉಳಿದಿತ್ತು.

ನೂಲಿಗೆ ಇಲಿ ಬಹಳ ಆಗಿವೆ, ಒಂದು ನಾಯಿ ಇರಲಿ ಎಂದು ಅಪ್ಪ ಸಂಜೆ ಮಾಲಕರಿಗೆ ಹೇಳಿದನಂತೆ. ಬಿಳಿ ಚುಕ್ಕೆ ನಮ್ಮಲ್ಲೇ ಉಳಿಯಿತು. ಅದು ಬದುಕಿರುವವರೆಗೂ ಅಂಗೈಯಿಂದಲೇ ನೀರು ಕುಡಿಯಿತು ಎಂದು ನಾನು ನಿಮ್ಮ ಅಪ್ಪನಿಗೆ ಎಷ್ಟೋ ಸಲ ಹೇಳಿದ್ದೇನೆ. ಅಕ್ಕ ಇದಕ್ಕೂ ನಗುತ್ತಾಳೆ. ಎಂಟು ದಿನದಲ್ಲಿ ಅದು ನೂಲಿಗೆ ಬಣ್ಣ ಹಾಕುವ ಮನೆಯ ಮೋರಿಯ ನೀರನ್ನೂ ಬಿಡಲಿಲ್ಲ, ಹಸಿರು ನಾಲಿಗೆ ಮಾಡಿಕೊಂಡು ಬರುತ್ತಿತ್ತು ಎನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು. ಬಾಯಾರಿದ ನಾಯಿ ಯಾರ ಅಂಗೈಗೂ ಕಾಯುವುದಿಲ್ಲ.

ಮೊನ್ನೆ ನೀವಿಬ್ಬರೂ ಮರಿ ತಂದಿರಿ. ಹೊಳೆಯುವ ಸ್ಟೀಲಿನ ಬಟ್ಟಲು, ಅಂಗಡಿಯ ಮರಿ ಊಟದ ಪೊಟ್ಟಣ, ಹೇಗೆ ತಿನ್ನಿಸಬೇಕೆಂಬ ವಿಡಿಯೋ, ಎಲ್ಲ ಇತ್ತು. ಮರಿ ಬಟ್ಟಲನ್ನು ಮುಟ್ಟಲಿಲ್ಲ. ನಿಮ್ಮಲ್ಲಿ ಒಬ್ಬರು, ಯಾರೆಂದು ಬರೆಯುವುದಿಲ್ಲ, ಅದರ ತಲೆ ಹಿಡಿದು ನೀರಿಗೆ ಒತ್ತಿದಿರಿ. ನಾನು ಕುರ್ಚಿಯಿಂದ ಎದ್ದು ಕೂಗಿದೆ. ಅಜ್ಜನಿಗೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಮರಾಠಿಯಲ್ಲಿ ಪಿಸುಗುಟ್ಟಿಕೊಂಡಿರಿ. ಸಿಟ್ಟು ನಿಮ್ಮ ಮೇಲೆ ಆಗಿರಲಿಲ್ಲ.

ನಾನು ಸಿಕ್ಕಿಬಿದ್ದ ಹಾಗೆ ನೀವು ಎಲ್ಲೂ ಸಿಕ್ಕಿಬೀಳಲಾರಿರಿ. ನೀವು ಸಾಲಿಗೆ ಹೋಗದಿದ್ದರೆ ಅರ್ಧ ತಾಸಿನಲ್ಲಿ ನಿಮ್ಮ ಅವ್ವನ ಫೋನಿಗೆ ಸಂದೇಶ ಬರುತ್ತದೆ. ಬಾಗಿಲು ಮುಚ್ಚಿಕೊಂಡರೆ ಕರೆ ಮಾಡುತ್ತೀರಿ. ಅದು ಒಳ್ಳೆಯದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಕರೆಂಟು ಹೋದರೂ ಇನ್ವರ್ಟರ್ ಇದೆ. ಪಂಖಾ ತಿರುಗುತ್ತಲೇ ಇರುತ್ತದೆ, ಟಿವಿ ಮಾತಾಡುತ್ತಲೇ ಇರುತ್ತದೆ. ಅಂದು ಎಲ್ಲ ತಾನಾಗಿ ನಿಂತಿತು. ಈಗ ನಾವೇ ನಿಲ್ಲಿಸಬೇಕು.

ಇವತ್ತು ಸಂಜೆ ಟಿವಿಯನ್ನೂ ಪಂಖಾವನ್ನೂ ನಾನು ಬಂದ್ ಮಾಡುತ್ತೇನೆ. ನೀವು ಫೋನುಗಳನ್ನು ಒಳಗಿಟ್ಟು ಬನ್ನಿ. ಅಂಗೈಯಲ್ಲಿ ಒಂದು ಗುಟುಕು ನೀರು ಹಿಡಿದು ನೆಲದ ಮೇಲೆ ಇಟ್ಟು ಸುಮ್ಮನೆ ಕೂತಿರಿ. ತಲೆ ಮುಟ್ಟಬೇಡಿ, ಕರೆಯಲೂ ಬೇಡಿ. ಮರಿ ಬರುತ್ತದೆ. ಮರಿಗಳು ಐದಿದ್ದವೋ ನಾಲ್ಕೋ, ಅರ್ಧ ದಿನವೋ ಎರಡು ತಾಸೋ, ಏಟು ಬಿತ್ತೋ ಇಲ್ಲವೋ, ಅದನ್ನೆಲ್ಲ ನನ್ನ ಅಕ್ಕನಿಗೆ ಕೇಳಿ ಬರೆದುಕೊಳ್ಳಿ. ನಾನು ಅಂದು ಕೇಳಿದ್ದು ಏನೆಂದು ಮಾತ್ರ ಯಾರಿಗೂ ಕೇಳಬೇಕಾಗಿಲ್ಲ. ನಿಮ್ಮ ಕೈ ಮೇಲೆಯೇ ಕೇಳಿಸುತ್ತದೆ.